ರೆಕಾರ್ಡ್ ಒತ್ತಿದೆ, ಬಣ್ಣದ ಪಟ್ಟಿಗಳು ಬಂದವು. ಈಗ ಎಲ್ಲಿ ನೋಡಲಿ?

ಓದುಗರ ಪ್ರಶ್ನೆ: ನಮ್ಮ ವೆಬ್ ಪುಟ ತುಂಬ ನಿಧಾನ. ಕ್ರೋಮ್ ಬ್ರೌಸರ್‌ನಲ್ಲೇ ಇರುವ ಡೆವ್‌ಟೂಲ್ಸ್‌ನಲ್ಲಿ, ಪುಟದ ವೇಗ ಅಳೆಯುವ ಪರ್ಫಾರ್ಮೆನ್ಸ್ ಪ್ಯಾನೆಲ್ ತೆರೆದು ರೆಕಾರ್ಡ್ ಮಾಡಿದೆ. ಹಳದಿ, ನೇರಳೆ, ಹಸಿರು ಪಟ್ಟಿಗಳು ರಾಶಿ ರಾಶಿ ಬಂದವು. ಯಾವ ಬಟನ್ ಯಾತಕ್ಕೆ? ಎಲ್ಲಿಂದ ಶುರು ಮಾಡಬೇಕು?

ಆ ಪರದೆ ಮೊದಲ ಸಲ ನೋಡಿದಾಗ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಹೆಚ್ಚಿನ ಸಲ ತೊಡಕು ಶುರುವಾಗುವುದು ಪಟ್ಟಿಗಳನ್ನು ಓದುವಾಗಲ್ಲ, ಅದಕ್ಕೂ ಮೊದಲು, ರೆಕಾರ್ಡ್ ಮಾಡುವಾಗ. ಪುಟ ತೆರೆದು, ಅಲ್ಲಿ ಇಲ್ಲಿ ಕ್ಲಿಕ್ ಮಾಡಿ, ಒಂದು ನಿಮಿಷ ಬಿಟ್ಟು ನಿಲ್ಲಿಸಿದರೆ ಸಂತೆಯ ಗದ್ದಲವೇ ಸಿಗುತ್ತದೆ. ‘ಪುಟ ನಿಧಾನ’ ಅಂದುಕೊಂಡು ಹೊರಟರೆ ದಾರಿ ಸಿಗುವುದಿಲ್ಲ. ‘ಹುಡುಕುವ ಪೆಟ್ಟಿಗೆಯಲ್ಲಿ ಒಂದು ಅಕ್ಷರ ಒತ್ತಿದರೆ ಅದು ಕಾಣಿಸೋಕೆ ಯಾಕೆ ಇಷ್ಟು ಹೊತ್ತು?’ ಅಂತ ಕೇಳಿಕೊಂಡು ಹೊರಟರೆ ಸಿಗುತ್ತದೆ. ಇಂಥ ಒಂದೇ ಒಂದು ಪ್ರಶ್ನೆ ಇಟ್ಟುಕೊಳ್ಳಿ, ಮೂರು-ನಾಲ್ಕು ಸೆಕೆಂಡ್ ರೆಕಾರ್ಡ್ ಮಾಡಿ, ನಿಲ್ಲಿಸಿ.

ಅದಕ್ಕೂ ಮುಂಚೆ ಎರಡು ಸಣ್ಣ ತಯಾರಿ. ಪುಟವನ್ನು ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ. ಇಲ್ಲದಿದ್ದರೆ ನಿಮ್ಮ ಬ್ರೌಸರ್‌ನ ಎಕ್ಸ್‌ಟೆನ್ಷನ್‌ಗಳು ಮಾಡುವ ಕೆಲಸವೂ ಇದೇ ಲೆಕ್ಕದಲ್ಲಿ ಸೇರುತ್ತದೆ. ಆಮೇಲೆ ಪ್ಯಾನೆಲ್‌ನ ಗೇರ್ ಗುರುತು ಒತ್ತಿ, ಸಿಪಿಯು ಥ್ರಾಟ್ಲಿಂಗ್ (ಯಂತ್ರವನ್ನು ಬೇಕೆಂದೇ ನಿಧಾನ ಮಾಡುವುದು) ಅನ್ನುವಲ್ಲಿ ನಾಲ್ಕು ಪಟ್ಟು ನಿಧಾನ ಅಂತ ಆರಿಸಿಕೊಳ್ಳಿ. ನಿಮ್ಮ ಮೇಜಿನ ಮೇಲಿರುವ ಲ್ಯಾಪ್‌ಟಾಪ್‌ಗೂ ನಿಮ್ಮ ಗ್ರಾಹಕರ ಕೈಯಲ್ಲಿರುವ ಅಗ್ಗದ ಫೋನ್‌ಗೂ ಅಜಗಜಾಂತರ, ಅಲ್ವಾ? ಇದನ್ನು ಜನ ಸುಮ್ನೆ ಬಿಟ್ಟುಬಿಡುತ್ತಾರೆ, ಆಮೇಲೆ ‘ನನ್ನ ಹತ್ರ ಸರಿಯಾಗೇ ಇದೆ’ ಅನ್ನುತ್ತಾರೆ. ನೆನಪಿರಲಿ, ನಾಲ್ಕು ಪಟ್ಟು ಅಂದರೆ ನಿಮ್ಮ ಯಂತ್ರಕ್ಕೆ ಹೋಲಿಸಿ ನಾಲ್ಕು ಪಟ್ಟು. ಅದು ಯಾವುದೋ ಒಂದು ಫೋನಿನ ನಿಖರ ಅಳತೆಯಲ್ಲ.

ರೆಕಾರ್ಡ್ ಶುರು ಮಾಡೋಕೆ ದುಂಡಗಿನ ಬಟನ್ ಒತ್ತಿ, ಇಲ್ಲವೇ ಕಂಟ್ರೋಲ್ ಜೊತೆ ಇ ಕೀಲಿ. ಮ್ಯಾಕ್‌ನಲ್ಲಿ ಕಮಾಂಡ್ ಜೊತೆ ಇ. ಪಕ್ಕದಲ್ಲಿರುವ ಸುತ್ತು ಬಾಣದ ಬಟನ್ ಪುಟವನ್ನು ಮತ್ತೆ ಲೋಡ್ ಮಾಡುತ್ತಾ ರೆಕಾರ್ಡ್ ಮಾಡುತ್ತದೆ. ಪುಟ ತೆರೆಯುವುದೇ ತಡ ಅನ್ನುವವರಿಗೆ ಮಾತ್ರ ಅದು ಬೇಕು. ಸ್ಕ್ರೀನ್‌ಶಾಟ್ಸ್ ಅನ್ನುವ ಚೌಕಕ್ಕೆ ಟಿಕ್ ಹಾಕಿರಿ. ಯಾವ ಕ್ಷಣದಲ್ಲಿ ಪರದೆ ಹೇಗಿತ್ತು ಅಂತ ಚಿತ್ರ ಸಿಕ್ಕರೆ ದಾರಿ ತಪ್ಪುವುದಿಲ್ಲ. ಮೆಮೊರಿ ಚೌಕ ಸದ್ಯಕ್ಕೆ ಬೇಡ.

ಈಗ ಪಟ್ಟಿಗಳಿಗೆ ಬರೋಣ. ಮೇಲ್ಗಡೆ ಇಡೀ ರೆಕಾರ್ಡಿಂಗ್‌ನ ಸಣ್ಣ ನಕ್ಷೆ ಇರುತ್ತದೆ. ಅದರಲ್ಲಿ ಸಿಪಿಯು ಬಣ್ಣ ಗುಡ್ಡದ ಹಾಗೆ ಎದ್ದಿರುವ ಜಾಗವನ್ನು ಮೌಸ್‌ನಿಂದ ಎಳೆದು ಆರಿಸಿ. ಕೆಳಗಿನದ್ದೆಲ್ಲ ಆ ತುಂಡಿಗೆ ಮಾತ್ರ ಸೀಮಿತವಾಗುತ್ತದೆ. ಡಬ್ಲ್ಯೂ ಕೀಲಿ ಒತ್ತಿದರೆ ಹತ್ತಿರ ಹೋಗುತ್ತೀರಿ, ಎಸ್ ಒತ್ತಿದರೆ ದೂರ, ಎ ಮತ್ತು ಡಿ ಒತ್ತಿದರೆ ಎಡಕ್ಕೆ ಬಲಕ್ಕೆ. ಎಡಗೈ ಈ ನಾಲ್ಕು ಕೀಲಿಗಳ ಮೇಲಿದ್ದರೆ ಅರ್ಧ ಕೆಲಸ ಸಲೀಸು.

ಬಣ್ಣದ ಅರ್ಥ ಇಷ್ಟೇ. ಹಳದಿ ಅಂದರೆ ಜಾವಾಸ್ಕ್ರಿಪ್ಟ್ ಓಡುತ್ತಿದೆ. ನೇರಳೆ ಅಂದರೆ ಯಾವ ಅಂಶ ಎಲ್ಲಿ, ಎಷ್ಟು ಅಗಲ ಅಂತ ಬ್ರೌಸರ್ ಲೆಕ್ಕ ಹಾಕುತ್ತಿದೆ. ಹಸಿರು ಅಂದರೆ ಬಣ್ಣ ತುಂಬುತ್ತಿದೆ. ಮೇನ್ ಅನ್ನುವ ಸಾಲಿನಲ್ಲಿ ಎಡದಿಂದ ಬಲಕ್ಕೆ ಸಮಯ ಹರಿಯುತ್ತದೆ, ಮೇಲಿಂದ ಕೆಳಕ್ಕೆ ಯಾವ ಫಂಕ್ಷನ್ (ಕೋಡ್‌ನ ಹೆಸರಿಟ್ಟ ತುಂಡು) ಯಾವುದನ್ನು ಕರೆಯಿತು ಅನ್ನುವ ಸರಪಳಿ. ಹಾಗಾಗಿ ಆಳ ನೋಡಿ ಹೆದರಬೇಡಿ, ಅಗಲ ನೋಡಿ. ನಲವತ್ತು ಹಂತ ಆಳವಿದ್ದರೂ ಕೂದಲೆಳೆಯಷ್ಟು ಸಣ್ಣಗಿದ್ದರೆ ಅದರಿಂದ ತೊಂದರೆಯಿಲ್ಲ. ಸೆಕೆಂಡಿಗೆ 60 ಫ್ರೇಮ್ (ಪರದೆಯ ಹೊಸ ಚಿತ್ರ) ಬರಬೇಕಾದರೆ ಒಂದೊಂದು ಫ್ರೇಮ್‌ಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. 50 ಮಿಲಿಸೆಕೆಂಡ್ ದಾಟಿದ ಟಾಸ್ಕ್‌ಗೆ, ಅಂದರೆ ಬ್ರೌಸರ್ ನಡುವೆ ನಿಲ್ಲಿಸದೆ ಮಾಡುವ ಒಂದು ಕೆಲಸಕ್ಕೆ, ಕ್ರೋಮ್ ತಾನೇ ಮೂಲೆಯಲ್ಲಿ ಕೆಂಪು ತ್ರಿಕೋನ ಹಾಕಿ, ಹೆಚ್ಚಾದ ಭಾಗಕ್ಕೆ ಕೆಂಪು ಗೆರೆ ಎಳೆದಿರುತ್ತದೆ. ಅಲ್ಲಿಂದಲೇ ಶುರು ಮಾಡಿ.

ಜನ ಜಾಸ್ತಿ ಎಡವುವ ಜಾಗ ಮುಂದಿನದು: ಟೋಟಲ್ ಟೈಮ್ ಮತ್ತು ಸೆಲ್ಫ್ ಟೈಮ್. ಮದುವೆ ಅಡುಗೆಯ ಭಟ್ಟರನ್ನು ನೆನೆಸಿಕೊಳ್ಳಿ. ಅವರು ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚಿಸಿ ಹತ್ತಕ್ಕೆ ಮುಗಿಸಿದರು. ಆರು ಗಂಟೆ, ಇದು ಟೋಟಲ್. ಅದರಲ್ಲಿ ತರಕಾರಿ ಹೆಚ್ಚಿದವರು ಬೇರೆ, ಕಾಯಿ ತುರಿದವರು ಬೇರೆ. ಭಟ್ಟರು ತಾವೇ ಸೌಟು ಹಿಡಿದದ್ದು ಒಂದು ಗಂಟೆ, ಅದು ಸೆಲ್ಫ್. ಅಡುಗೆ ತಡವಾಯಿತು ಅಂತ ಭಟ್ಟರನ್ನು ಬೈದರೆ, ಕಾಯಿ ತುರಿಯುವ ಕಡೆ ಒಬ್ಬರೇ ಇದ್ದರು ಅನ್ನುವುದು ಗೊತ್ತಾಗುವುದೇ ಇಲ್ಲ. ಕೋಡ್‌ನಲ್ಲೂ ಹಾಗೇ. ಮೇಲಿನ ಫಂಕ್ಷನ್‌ನ ಟೋಟಲ್ ಯಾವಾಗಲೂ ದೊಡ್ಡದಾಗಿರುತ್ತದೆ, ಯಾಕೆಂದರೆ ಅದು ಎಲ್ಲರನ್ನೂ ಕರೆಯುತ್ತದೆ.

ಕೆಳಗಿನ ಕಾಲ್ ಟ್ರೀ ಟ್ಯಾಬ್ ಭಟ್ಟರಿಂದ ಕೆಳಕ್ಕೆ ಇಳಿಯುತ್ತಾ ತೋರಿಸುತ್ತದೆ. ಬಾಟಮ್-ಅಪ್ ಟ್ಯಾಬ್ ಸಮಯ ನಿಜವಾಗಿ ಎಲ್ಲಿ ಕಳೆಯಿತೋ ಅಲ್ಲಿಂದ ಮೇಲಕ್ಕೆ ಹೋಗುತ್ತದೆ. ನಾನು ಮೊದಲು ತೆರೆಯುವುದು ಬಾಟಮ್-ಅಪ್. ಸೆಲ್ಫ್ ಟೈಮ್ ಪ್ರಕಾರ ಜೋಡಿಸಿ, ಮೊದಲ ನಾಲ್ಕೈದು ಸಾಲು ಓದಿದರೆ ಸಾಕು.

ನಾನು ಕಂಡ ಒಂದು ಪುಟದ ಕಥೆ ಹೇಳುತ್ತೇನೆ. ದಾಸ್ತಾನಿನ ಪಟ್ಟಿ, ಸುಮಾರು 1,200 ಸಾಲು, ಮೇಲೆ ಹುಡುಕುವ ಪೆಟ್ಟಿಗೆ. ‘ಅಕ್ಕಿ’ ಅಂತ ಟೈಪ್ ಮಾಡಿದರೆ ಅಕ್ಷರಗಳು ತಡೆದು ತಡೆದು ಬರುತ್ತಿದ್ದವು. ಕೋಡ್ ಬರೆದವರು ಹುಡುಕುವ ಲಾಜಿಕ್ ಮೇಲೆ ಅನುಮಾನಪಟ್ಟು ಎರಡು ದಿನ ಅದನ್ನೇ ತಿದ್ದಿದ್ದರು. ರೆಕಾರ್ಡ್ ಮಾಡಿ ಒಂದೇ ಒಂದು ಕೀ ಒತ್ತಿದೆವು. 380 ಮಿಲಿಸೆಕೆಂಡ್‌ನ ಟಾಸ್ಕ್. ಡಬ್ಲ್ಯೂ ಒತ್ತುತ್ತಾ ಹತ್ತಿರ ಹೋದರೆ ಹಳದಿ ಪಟ್ಟಿಯ ಕೆಳಗೆ ಬಾಚಣಿಗೆಯ ಹಲ್ಲಿನ ಹಾಗೆ ನೂರಾರು ನೇರಳೆ ಚೂರುಗಳು. ಒಂದೊಂದರ ಮೂಲೆಯಲ್ಲೂ ಕೆಂಪು ತ್ರಿಕೋನ. ಇದು 50 ಮಿಲಿಸೆಕೆಂಡ್ ದಾಟಿದ ಗುರುತಲ್ಲ, ಆ ಲೆಕ್ಕವನ್ನು ಕೋಡ್ ಬಲವಂತವಾಗಿ ಮಾಡಿಸಿತು ಅನ್ನುವ ಎಚ್ಚರಿಕೆ. ಒಂದನ್ನು ಕ್ಲಿಕ್ ಮಾಡಿದರೆ ಕೆಳಗಿನ ಸಮರಿ ಟ್ಯಾಬ್‌ನಲ್ಲಿ ಕೋಡ್‌ನ ಸಾಲಿಗೇ ಕೊಂಡಿ ಇತ್ತು. ಲೂಪ್ ಒಳಗೆ ಪಟ್ಟಿಯ ಒಂದು ಸಾಲಿನ ಆಫ್‌ಸೆಟ್‌ಹೈಟ್ (ಅದರ ಎತ್ತರ) ಓದುವುದು, ತಕ್ಷಣ ಅದರ ಸ್ಟೈಲ್ ಬದಲಿಸುವುದು, ಮತ್ತೆ ಮುಂದಿನದನ್ನು ಓದುವುದು. ಪ್ರತಿ ಸಲ ಎತ್ತರ ಕೇಳಿದಾಗಲೂ ಬ್ರೌಸರ್ ಲೇಔಟ್ ಲೆಕ್ಕವನ್ನು (ಯಾವ ಅಂಶ ಎಲ್ಲಿ ಅನ್ನುವ ಆ ನೇರಳೆ ಲೆಕ್ಕ) ಹೊಸದಾಗಿ ಮಾಡಬೇಕಾಗುತ್ತಿತ್ತು. ಎಲ್ಲ ಎತ್ತರಗಳನ್ನು ಮೊದಲು ಓದಿಟ್ಟುಕೊಂಡು ಆಮೇಲೆ ಒಟ್ಟಿಗೆ ಬದಲಿಸುವ ಹಾಗೆ ಮಾಡಿದೆವು. ಬಾಚಣಿಗೆ ಮಾಯ, ಒಂದೇ ಒಂದು ನೇರಳೆ ಪಟ್ಟಿ ಉಳಿಯಿತು. ಹುಡುಕುವ ಲಾಜಿಕ್ ತೆಗೆದುಕೊಳ್ಳುತ್ತಿದ್ದದ್ದು ಬರೀ 6 ಮಿಲಿಸೆಕೆಂಡ್.

ಫ್ರೇಮ್‌ವರ್ಕ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬಳಸುತ್ತಿದ್ದರೆ ನಿಮ್ಮದಲ್ಲದ ಫಂಕ್ಷನ್‌ಗಳೇ ಪರದೆ ತುಂಬುತ್ತವೆ. ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ ಆ ಸ್ಕ್ರಿಪ್ಟ್ ಅನ್ನು ಇಗ್ನೋರ್ ಲಿಸ್ಟ್‌ಗೆ ಸೇರಿಸಿ. ಅವು ಮಡಚಿಕೊಂಡು ನಿಮ್ಮ ಕೋಡ್ ಎದ್ದು ಕಾಣುತ್ತದೆ. ಇನ್ನೊಂದು ಮಾತು: ಈ ಪ್ರೊಫೈಲರ್ (ರೆಕಾರ್ಡ್ ಮಾಡುವ ಉಪಕರಣ) ಆಗಾಗ ಇಣುಕಿ ನೋಡಿ ಲೆಕ್ಕ ಇಡುತ್ತದೆ. ತೀರಾ ಚಿಕ್ಕ ಫಂಕ್ಷನ್ ಎರಡು ಇಣುಕುಗಳ ನಡುವೆ ಓಡಿ ಮುಗಿದರೆ ಕಾಣಿಸುವುದೇ ಇಲ್ಲ. ನಿಮಗೆ ಬೇಕಾದ ತುಂಡನ್ನು ಖಚಿತವಾಗಿ ಅಳೆಯಬೇಕಿದ್ದರೆ ಕೋಡ್‌ನಲ್ಲೇ ಪರ್ಫಾರ್ಮೆನ್ಸ್ ಮಾರ್ಕ್ (ಕ್ಷಣ ಗುರುತಿಸಲು) ಮತ್ತು ಮೆಶರ್ (ಎರಡು ಗುರುತುಗಳ ನಡುವೆ ಅಳೆಯಲು) ಹಾಕಿ. ಟೈಮಿಂಗ್ಸ್ ಸಾಲಿನಲ್ಲಿ ನೀವು ಕೊಟ್ಟ ಹೆಸರಿನಲ್ಲೇ ಕಾಣುತ್ತದೆ.

ತಿದ್ದುವ ಮೊದಲೇ ಸೇವ್ ಬಾಣ ಒತ್ತಿ ಆ ರೆಕಾರ್ಡಿಂಗ್ ಉಳಿಸಿಕೊಳ್ಳಿ. ತಿದ್ದಿದ ಮೇಲೆ ಅದೇ ಥ್ರಾಟ್ಲಿಂಗ್, ಅದೇ ಕೀ, ಅದೇ ಪಟ್ಟಿ ಇಟ್ಟುಕೊಂಡು ಎರಡು ಮೂರು ಸಲ ಅಳೆಯಿರಿ, ಒಂದು ಸಲದ ಅಂಕಿ ನಂಬಬೇಡಿ. ಆ ಫೈಲ್ ಬೇರೆಯವರಿಗೆ ಕಳಿಸುವುದಾದರೆ ಒಮ್ಮೆ ಯೋಚಿಸಿ. ಅದರೊಳಗೆ ಪುಟದ ವಿಳಾಸಗಳೂ ಸ್ಕ್ರೀನ್‌ಶಾಟ್‌ಗಳೂ ಇರುತ್ತವೆ. ಗ್ರಾಹಕರ ಹೆಸರು, ಫೋನ್ ನಂಬರ್ ಇರುವ ಪುಟವಾದರೆ ಸುಳ್ಳು ಡೇಟಾ ತುಂಬಿ ಮತ್ತೆ ರೆಕಾರ್ಡ್ ಮಾಡಿ ಕಳಿಸಿ.