ಹಳೆ ವೀಣೆಯ ಬಿರುಕು: ಅಂಟು ಹಚ್ಚುವ ಮೊದಲು

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ದಿನಗಳಲ್ಲಿ ನನಗೆ ಫೋನುಗಳು ಜಾಸ್ತಿ. ‘ನಮ್ಮಜ್ಜಿ ನುಡಿಸುತ್ತಿದ್ದ ವೀಣೆ. ಕೊಡದ ಮೇಲಿನ ಹಲಗೆ ಸೀಳಿದೆ. ಏನಾದರೂ ತುಂಬಿ ಮುಚ್ಚಿಕೊಡ್ತೀರಾ?’ ಎಂದು ಕೇಳುತ್ತಾರೆ. ಕೊಡ ಎಂದರೆ ವೀಣೆಯ ಗುಂಡಗಿನ ಟೊಳ್ಳು ಭಾಗ. ಈಗ ಏನನ್ನೂ ತುಂಬಬೇಡಿ, ತಂತಿಗಳನ್ನೆಲ್ಲ ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ ಎನ್ನುತ್ತೇನೆ.

ಬೆಂಗಳೂರು, ಮೈಸೂರುಗಳಲ್ಲಿ ಮಾರ್ಚ್ ಮಧ್ಯಾಹ್ನ ಗಾಳಿಯ ತೇವಾಂಶ ಶೇ. 30ರ ಸುತ್ತ ಇಳಿಯುತ್ತದೆ. ಮಳೆಗಾಲದಲ್ಲಿ ಶೇ. 80 ದಾಟುತ್ತದೆ. ಹಲಸಿನ ಮರ ಎಷ್ಟೇ ಹಳೆಯದಾದರೂ ಈ ಏರಿಳಿತದ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ಮರದ ಎಳೆಯ ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ, ಆಗುವುದೆಲ್ಲ ಅಡ್ಡಕ್ಕೆ. ವೀಣೆಯ ಹಲಗೆ ತೆಳು, ಬೇಗ ಒಣಗುತ್ತದೆ. ಆದರೆ ಅದರ ಅಂಚು ಸುತ್ತಲೂ ಕೊಡಕ್ಕೆ ಅಂಟಿಕೊಂಡಿದೆ. ಕುಗ್ಗಬೇಕು, ಜಾಗ ಬಿಡುವ ಹಾಗಿಲ್ಲ. ಆಗ ಎಳೆಯ ಗುಂಟ ಸೀಳುತ್ತದೆ. ಅಮೆರಿಕದ ಉತ್ತರದ ಊರುಗಳಲ್ಲಿರುವ ನಮ್ಮವರಿಗೆ ಇದೇ ತೊಂದರೆ ಜನವರಿಯಲ್ಲಿ ಬರುತ್ತದೆ. ಹೀಟರ್ ಹಾಕಿದ ಮನೆಯೊಳಗೆ ತೇವಾಂಶ ಶೇ. 20ಕ್ಕೂ ಇಳಿಯಬಹುದು.

ಬಾಯಿಬಿಟ್ಟ ಬಿರುಕಿಗೆ ಮರದ ಪುಡಿ, ಅಂಟು ಕಲಸಿ ಮೆತ್ತಿದರೆ ಬೇಸಿಗೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಜೂನ್ ಬಂದಾಗ ಮರ ಹಿಗ್ಗುತ್ತದೆ, ಮೆತ್ತಿದ್ದು ಜಗ್ಗುವುದಿಲ್ಲ. ಒಂದೋ ಬಿರುಕು ಇನ್ನಷ್ಟು ಮುಂದೆ ಓಡುತ್ತದೆ, ಇಲ್ಲವೇ ಅಕ್ಕಪಕ್ಕದ ಮರ ಜಜ್ಜಿಹೋಗಿ ಮುಂದಿನ ಬೇಸಿಗೆಗೆ ಇನ್ನೂ ಅಗಲ ಬಾಯಿ ಬಿಡುತ್ತದೆ. ಹೀಗೆ ವರ್ಷವರ್ಷವೂ ಮೆತ್ತಿಸಿಕೊಂಡು ಬಂದ ಒಳ್ಳೆಯ ವೀಣೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ನನ್ನ ಮೊದಲ ಔಷಧಿ ನೀರಿನ ಆವಿ. ವೀಣೆಯನ್ನು ಪ್ಲಾಸ್ಟಿಕ್ ಹಾಳೆಯ ಗೂಡಿನಲ್ಲಿಟ್ಟು, ಪಕ್ಕದಲ್ಲಿ ತೂತು ಕೊರೆದ ಡಬ್ಬಿಯೊಳಗೆ ಒದ್ದೆ ಸ್ಪಂಜು ಇಡುತ್ತೇನೆ. ಸ್ಪಂಜು ಮರಕ್ಕೆ ತಾಗಬಾರದು. ಒಳಗೊಂದು ತೇವಾಂಶ ಮಾಪಕ ಬೇಕೇ ಬೇಕು. ಶೇ. 55ರಿಂದ 60ರಲ್ಲಿ ಎರಡು ಮೂರು ವಾರ ಬಿಡಬೇಕು. ಅದಕ್ಕಿಂತ ಮೇಲೆ ಹೋದರೆ ಬೂಷ್ಟು ಹಿಡಿಯುವ ಭಯ. ಬೇಗ ಆಗಲಿ ಅಂತ ಒದ್ದೆ ಬಟ್ಟೆ ಹೊದಿಸುವವರೂ ಇದ್ದಾರೆ. ಖಂಡಿತ ಬೇಡ, ಹಳೆಯ ಅರಗಿನ ಪಾಲಿಶ್ ಬೆಳ್ಳಗಾಗುತ್ತದೆ, ಹಲಗೆ ಸೊಟ್ಟಗಾಗುತ್ತದೆ. ತಾಳ್ಮೆಯಿಂದ ಕಾದರೆ ಎಷ್ಟೋ ಬಿರುಕುಗಳು ಕೂದಲೆಳೆಯಷ್ಟಾಗುತ್ತವೆ. ಅಂಟು ಹಾಕುವ ಸಮಯ ಅದು.

ಅಂಟು ಯಾವುದು? ಹಳೆ ವಾದ್ಯಕ್ಕೆ ನಾನು ಮರವಜ್ರವನ್ನೇ ಬಳಸುತ್ತೇನೆ, ಪ್ರಾಣಿಗಳ ತೊಗಲಿನಿಂದ ಮಾಡುವ ಅಂಟು. ತಣ್ಣೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಸುಮಾರು 60 ಡಿಗ್ರಿಗೆ ಕಾಯಿಸಬೇಕು. ಕುದಿಸಿದರೆ ಶಕ್ತಿ ಹೋಗುತ್ತದೆ. ಒಣಗಿದ ಮೇಲೆ ಗಟ್ಟಿ. ಮುಂದೊಂದು ದಿನ ಯಾರಾದರೂ ಬಿಚ್ಚಬೇಕಾದರೆ ಬಿಸಿ ಮತ್ತು ನೀರಿಗೆ ಬಿಡುತ್ತದೆ. ಸೂಪರ್ ಗ್ಲೂ ಅಥವಾ ಎಪಾಕ್ಸಿ ಎಳೆಯೊಳಗೆ ಇಳಿದರೆ ತೆಗೆಯುವುದು ಬಲು ಕಷ್ಟ. ಅದರ ಮೇಲೆ ಬೇರೆ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ನೂರು ವರ್ಷ ಬಾಳಿದ ವೀಣೆಗೆ ಇನ್ನೂ ಎಷ್ಟೋ ರಿಪೇರಿಗಳು ಬರುತ್ತವೆ ಅಲ್ವಾ? ಮುಂದೆ ಕೈ ಹಾಕುವವನಿಗೂ ದಾರಿ ಬಿಡಬೇಕು.

ಗುಂಡಗಿನ ಕೊಡಕ್ಕೆ ಕ್ಲಾಂಪ್ ಕೂರುವುದಿಲ್ಲ. ಬಟ್ಟೆ ಸುತ್ತಿ, ಹಗ್ಗ ಬಿಗಿದು, ಹಗ್ಗದಡಿ ಮರದ ಬೆಣೆಗಳನ್ನು ಮೆಲ್ಲಗೆ ತಳ್ಳುತ್ತೇನೆ. ಸೈಕಲ್ ಟ್ಯೂಬಿನ ಪಟ್ಟಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಜೋರು ಮಾಡಿ ಎಳೆದು ಮುಚ್ಚಬಾರದು. ಬಲವಂತಕ್ಕೆ ಮುಚ್ಚಿದ್ದು ಮತ್ತೆ ತೆರೆದುಕೊಳ್ಳುತ್ತದೆ. ತೇವ ಕೊಟ್ಟರೂ ಸಂದು ಉಳಿದರೆ ಹಳೆ ಹಲಸಿನ ಮರದಿಂದಲೇ ತೆಳುವಾದ ಸೀಳು ತೆಗೆದು, ಎಳೆಗೆ ಎಳೆ ಸೇರುವಂತೆ ಕೂರಿಸುತ್ತೇನೆ. ಸುತ್ತಲ ಮರದ ಜೊತೆ ಅದೂ ಹಿಗ್ಗುತ್ತದೆ, ಕುಗ್ಗುತ್ತದೆ.

ಬಿರುಕು ಕುದುರೆಯ, ಅಂದರೆ ಹಲಗೆಯ ಮೇಲೆ ತಂತಿಗಳನ್ನು ಹೊತ್ತ ಆಸರೆಯ, ಅಡಿಗೆ ಹೋಗಿದ್ದರೆ ಮಾತ್ರ ಹಲಗೆ ಬಿಚ್ಚಿ, ಒಳಗಿನಿಂದ ಬಿರುಕಿಗೆ ಅಡ್ಡಲಾಗಿ ಸಣ್ಣ ಮರದ ಪಟ್ಟಿಗಳನ್ನು ಅಂಟಿಸುತ್ತೇನೆ. ಉಳಿದಂತೆ ಹಲಗೆ ಬಿಚ್ಚುವುದು ನನಗೆ ಇಷ್ಟವಿಲ್ಲ, ನಾದ ಬದಲಾಗಬಹುದು. ಇನ್ನು ತಂತಿಗಳನ್ನು ಬಿಗಿಯುವ ನಾಗಪಾಶ ಕಟ್ಟುವ, ಕೊಡದ ತುದಿಯಲ್ಲಿ ಸೀಳು ಕಂಡರೆ ತಡ ಮಾಡಬೇಡಿ. ಅಲ್ಲಿ ಎಳೆಗಳ ತುದಿ ಹೊರಗೆ ಕಾಣುತ್ತದೆ, ತೇವ ಬೇಗ ಆರುತ್ತದೆ. ಏಳೂ ತಂತಿಗಳ ಎಳೆತವೂ ಅಲ್ಲಿಗೇ. ಕೊಡ ಮತ್ತು ದಂಡಿ (ವೀಣೆಯ ಉದ್ದನೆಯ ಕತ್ತು) ಸೇರುವಲ್ಲಿ ಎಳೆಗೆ ಅಡ್ಡವಾಗಿ ನೇರ ಗೆರೆ ಬಿಟ್ಟಿದ್ದರೆ ಗಾಬರಿಯಾಗಬೇಡಿ. ಬಹುತೇಕ ಅದು ಸೀಳಲ್ಲ, ಬೆಸುಗೆ ಬಿಟ್ಟಿರುತ್ತದೆ. ಒಂದೇ ಮರದ ತುಂಡಿನಿಂದ ಕೊರೆದ ಏಕಾಂಡ ವೀಣೆಗೆ ಅಲ್ಲಿ ಬೆಸುಗೆಯೇ ಇರುವುದಿಲ್ಲ, ಆದ್ದರಿಂದ ಅಂಥದ್ದರಲ್ಲಿ ಆ ಜಾಗದ ಗೆರೆಯನ್ನು ಪರೀಕ್ಷಿಸಲೇಬೇಕು.

ದಂಡಿಯ ಹತ್ತಿರ ಬಿಸಿ ಕೊಡುವಾಗ ಮೆಟ್ಟಿಲುಗಳನ್ನು, ಅಂದರೆ ಸ್ವರಸ್ಥಾನಗಳ ಲೋಹದ ಪಟ್ಟಿಗಳನ್ನು, ಮರೆಯುವಂತಿಲ್ಲ. ಅವು ಕೂತಿರುವುದು ಮೇಣದಲ್ಲಿ, ಜೇನುಮೇಣ 60 ಡಿಗ್ರಿ ದಾಟುತ್ತಿದ್ದಂತೆ ಕರಗುತ್ತದೆ. ದಂಡಿ ಸ್ವಲ್ಪ ಅಲುಗಿದರೂ 24 ಮೆಟ್ಟಿಲಿನ ಮೇಳ (ಮೆಟ್ಟಿಲುಗಳನ್ನು ಸ್ವರಕ್ಕೆ ಹೊಂದಿಸಿ ಮೇಣದಲ್ಲಿ ಕೂರಿಸಿದ ಜೋಡಣೆ) ಹೊಸದಾಗಿ ಕಟ್ಟಿಸಬೇಕಾಗಬಹುದು. ರಿಪೇರಿಗೆ ಒಪ್ಪುವ ಮೊದಲು ಆ ಖರ್ಚನ್ನೂ ಕೇಳಿಕೊಳ್ಳಿ. ಕೆಲಸ ಮುಗಿದ ಮೇಲೆ ಶ್ರುತಿಯನ್ನು ಒಂದೇ ದಿನ ಏರಿಸಬೇಡಿ. ಕೆಲವು ದಿನ ತಗ್ಗಿಸಿಯೇ ಇಟ್ಟು ದಿನಕ್ಕಿಷ್ಟು ಏರಿಸಿ. ಬಿರುಕಿನ ಎರಡೂ ತುದಿಗೆ ಸಣ್ಣ ಗುರುತು ಹಾಕಿಟ್ಟರೆ ಮುಂದಿನ ಬೇಸಿಗೆಯಲ್ಲಿ ಅದು ಮುಂದೆ ಹೋಗಿದೆಯೇ ಎಂದು ನೀವೇ ನೋಡಿಕೊಳ್ಳಬಹುದು.