ಪದ ಪರಿಚಯ: ಅಮಿನೋಗ್ಲೈಕೋಸೈಡ್

ಕೋಲಾರದ ಟೊಮೆಟೊ ಬೆಳೆಗಾರರಿಗೂ ಚಿಕ್ಕಬಳ್ಳಾಪುರದ ದಾಳಿಂಬೆ ತೋಟದವರಿಗೂ ‘ಸ್ಟ್ರೆಪ್ಟೋಸೈಕ್ಲಿನ್’ ಪುಡಿ ಹೊಸದೇನಲ್ಲ. ದುಂಡಾಣು (ಬ್ಯಾಕ್ಟೀರಿಯಾ) ಅಂಗಮಾರಿಗೆ ಸಿಂಪಡಿಸುತ್ತ ಬಂದ ಆ ಪುಡಿಯ ಮುಖ್ಯ ಅಂಶ ಸ್ಟ್ರೆಪ್ಟೊಮೈಸಿನ್. ಕ್ಷಯಕ್ಕೆ ಕೊಡುತ್ತಿದ್ದ ಇಂಜೆಕ್ಷನ್ನೂ ಅದೇ. (ಮನುಷ್ಯರ ಔಷಧಿಯನ್ನು ತೋಟಕ್ಕೆ ಹೊಡೆದರೆ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯಲು ನಾವೇ ದಾರಿ ಮಾಡಿಕೊಟ್ಟಂತೆ.) ಅಮಿನೋಗ್ಲೈಕೋಸೈಡ್ ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಆ್ಯಂಟಿಬಯೋಟಿಕ್‌ಗಳ ಒಂದು ಗುಂಪು. ಆ ಗುಂಪಿನಲ್ಲಿ ಮೊದಲು ಸಿಕ್ಕಿದ್ದು ಈ ಸ್ಟ್ರೆಪ್ಟೊಮೈಸಿನ್. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ, ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಮಣ್ಣಿನ ಸೂಕ್ಷ್ಮಜೀವಿಯಿಂದ ಬೇರ್ಪಡಿಸಿದ್ದು. 1952ರ ನೊಬೆಲ್ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಸಂದಿತು. ಜೆಂಟಾಮೈಸಿನ್, ಅಮಿಕಾಸಿನ್, ನಿಯೊಮೈಸಿನ್ ಆಮೇಲೆ ಬಂದವು.

ಇವು ಅಮಿನೋ ಗುಂಪು (ಸಾರಜನಕವಿರುವ ಚಿಕ್ಕ ರಾಸಾಯನಿಕ ತುಣುಕು) ಹೊತ್ತ ಸಕ್ಕರೆಗಳ ಸರಪಳಿ. ಮೈತುಂಬ ಧನ ವಿದ್ಯುದಂಶ ಇರುವುದರಿಂದ ಕರುಳು ಇವನ್ನು ಹೀರಿಕೊಳ್ಳುವುದಿಲ್ಲ. “ಸೂಜಿ ಬೇಡ ಡಾಕ್ಟ್ರೇ, ಮಾತ್ರೆ ಬರ್ಕೊಡಿ” ಅಂದರೆ ಇಲ್ಲಿ ನಡೆಯದು.

ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಾಗುವುದು ರೈಬೋಸೋಮಿನಲ್ಲಿ. ಔಷಧಿ ಅದರ 30ಎಸ್ ಎಂಬ ಚಿಕ್ಕ ಭಾಗಕ್ಕೆ ಅಂಟಿಕೊಂಡು, ಪ್ರೋಟೀನ್ ಕಟ್ಟಲು ಜೀನಿನಿಂದ ಬಂದ ಸಂದೇಶವನ್ನು ತಪ್ಪಾಗಿ ಓದಿಸುತ್ತದೆ. ತಪ್ಪು ಪ್ರೋಟೀನುಗಳು ಕೋಶಪೊರೆಯಲ್ಲಿ ಸೇರಿ ಪೊರೆ ಸೋರತೊಡಗುತ್ತದೆ, ಔಷಧಿ ಇನ್ನಷ್ಟು ನುಗ್ಗುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಔಷಧಿ ಒಳಕ್ಕೆ ಸೇರಲು ಬ್ಯಾಕ್ಟೀರಿಯಾ ಆಮ್ಲಜನಕ ಬಳಸಿ ಉಸಿರಾಡುತ್ತಿರಬೇಕು. ಹಾಗಾಗಿ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳಿಗೆ ಇದು ತಾಗದು.

ನನಗೆ ತುಂಬ ಹಿಡಿಸುವುದು ಇದರ ಡೋಸಿನ ಲೆಕ್ಕ. ರಕ್ತದಲ್ಲಿ ಔಷಧಿಯ ಮಟ್ಟ ಒಮ್ಮೆ ಎಷ್ಟು ಎತ್ತರಕ್ಕೆ ಏರಿತು ಅನ್ನುವುದರ ಮೇಲೆ ಕೊಲ್ಲುವ ಶಕ್ತಿ ನಿಂತಿದೆ. ಮಟ್ಟ ಇಳಿದ ಮೇಲೂ ಉಳಿದ ಬ್ಯಾಕ್ಟೀರಿಯಾ ಕೆಲವು ಗಂಟೆ ತಲೆಯೆತ್ತುವುದಿಲ್ಲ. ಕಿಡ್ನಿಗೂ ಒಳಗಿವಿಗೂ ಕೆಡುಕಾಗುವುದು ಮಟ್ಟ ಇಳಿಯದೆ ಉಳಿದಾಗ. ಅದಕ್ಕೇ ದಿನದ ಪ್ರಮಾಣವನ್ನು ಮೂರು ಪಾಲು ಮಾಡದೆ ಹೆಚ್ಚಿನ ರೋಗಿಗಳಿಗೆ ಒಂದೇ ಸಲ ಕೊಟ್ಟು ಬಿಡುವು ಬಿಡುತ್ತಾರೆ. ಹೃದಯದ ಕವಾಟದ ಸೋಂಕಿನಂಥ ಕಡೆ ಲೆಕ್ಕ ಬೇರೆ.

ಆರೋಗ್ಯವಂತರ ಕಿಡ್ನಿ 2–3 ಗಂಟೆಗೊಮ್ಮೆ ರಕ್ತದಲ್ಲಿನ ಪ್ರಮಾಣವನ್ನು ಅರ್ಧಕ್ಕಿಳಿಸುತ್ತದೆ. ಶುಗರ್‌ನಿಂದ ಕಿಡ್ನಿ ಸೋತವರಲ್ಲಿ ಅದು ಬಹಳ ನಿಧಾನ. ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ನೋಡದೆ ದಿನಗಟ್ಟಲೆ ಜೆಂಟಾಮೈಸಿನ್ ಚುಚ್ಚುವುದು ಅಪಾಯವೇ ಸರಿ. ಕಿಡ್ನಿಗಾದ ಪೆಟ್ಟು ಸಾಮಾನ್ಯವಾಗಿ ಔಷಧಿ ನಿಲ್ಲಿಸಿದರೆ ಚೇತರಿಸುತ್ತದೆ. ಸದ್ದನ್ನೂ ಸಮತೋಲನವನ್ನೂ ಗ್ರಹಿಸುವ ಒಳಗಿವಿಯ ರೋಮಕೋಶಗಳು ಮಾತ್ರ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯಲ್ಲಿ ಗುಂಯ್ ಅನ್ನುವುದು, ನಡೆಯುವಾಗ ತೂರಾಡುವುದು ಅದರ ಮುನ್ಸೂಚನೆ. ತಾಯಿಯಿಂದ ಬರುವ ಒಂದು ಮೈಟೊಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ದೋಷವಿದ್ದವರಿಗೆ ಒಂದೆರಡು ಇಂಜೆಕ್ಷನ್ನಿಗೇ ಕಿವುಡು ಬರಬಹುದು. ತಾಯಿ ಕಡೆಯ ನೆಂಟರಲ್ಲಿ ಯಾರಿಗಾದರೂ ಹಾಗಾಗಿದ್ದರೆ ಸೂಜಿಗೆ ಮುಂಚೆಯೇ ಡಾಕ್ಟರಿಗೆ ಹೇಳಬೇಕು.