ನಲ್ಲಿ ಮುಚ್ಚಿದ ಮೇಲಿನ ಒತ್ತಡ

ನಲ್ಲಿ ತಿರುಗಿಸಿದ ಕೂಡಲೇ ನೀರು ರಭಸದಿಂದ ಬಂದರೆ ಒತ್ತಡ ಚೆನ್ನಾಗಿದೆ ಎನ್ನುತ್ತೇವೆ. ಆದರೆ ಪೈಪು, ವಾಷರು, ಜಾಯಿಂಟುಗಳಿಗೆ ಹೆಚ್ಚು ಕಷ್ಟ ಬರುವುದು ನೀರು ನಿಂತಾಗ. ಹರಿಯುವ ನೀರು ಪೈಪಿನ ಒಳಮೈಗೆ ಉಜ್ಜುತ್ತಾ, ತಿರುವುಗಳನ್ನು ದಾಟುತ್ತಾ ಒತ್ತಡವನ್ನು ಕಳೆದುಕೊಳ್ಳುತ್ತದೆ. ನಿಂತ ನೀರಿಗೆ ಆ ನಷ್ಟವಿಲ್ಲ. ಬೀದಿಯ ಕೊಳವೆಯ ಒತ್ತಡ ಕೊನೆಯ ವಾಷರಿನವರೆಗೂ ಬಂದು ಕೂರುತ್ತದೆ. ಸುತ್ತಲಿನ ಮನೆಗಳಲ್ಲಿ ಬಳಕೆ ಇಳಿಯುವ ರಾತ್ರಿ ಹೊತ್ತು ಅದು ಇನ್ನೂ ಏರುತ್ತದೆ.

ಸುಮಾರು 10 ಮೀಟರ್ ಎತ್ತರದ ನೀರು 1 ಬಾರ್ ಒತ್ತಡ ಕೊಡುತ್ತದೆ. ನಲ್ಲಿಗಿಂತ 5 ಮೀಟರ್ ಮೇಲಿರುವ ಟ್ಯಾಂಕಿನಿಂದ ಸಿಗುವುದು ಅರ್ಧ ಬಾರ್ ಮಾತ್ರ. ಬೂಸ್ಟರ್ ಪಂಪ್ ಕೂರಿಸುವ ತನಕ ಅಂಥ ಮನೆಗೆ ಹೆಚ್ಚಿನ ಒತ್ತಡದ ಭಯವಿಲ್ಲ. ಆದರೆ 60 ಮೀಟರ್ ಎತ್ತರದ ಕಟ್ಟಡದ ತುದಿಯಲ್ಲಿ ಟ್ಯಾಂಕ್ ಇದ್ದು ನಡುವೆ ಯಾವ ತಡೆಯೂ ಇಲ್ಲದಿದ್ದರೆ ಕೆಳಮನೆಗೆ 6 ಬಾರ್ ಬೀಳುತ್ತದೆ. ಮನೆಬಳಕೆಗೆ 3ರಿಂದ 4 ಬಾರ್ ಧಾರಾಳ. ಅಮೆರಿಕದ ಪ್ಲಂಬಿಂಗ್ ನಿಯಮಗಳು 80 ಪಿಎಸ್‌ಐ, ಅಂದರೆ 5.5 ಬಾರ್ ದಾಟಿದರೆ ಒತ್ತಡ ಇಳಿಸುವ ವಾಲ್ವ್ ಹಾಕಲೇಬೇಕು ಎನ್ನುತ್ತವೆ.

ಏನನ್ನಾದರೂ ಕೊಳ್ಳುವ ಮೊದಲು ಅಳೆಯಿರಿ. 0ಯಿಂದ 10 ಬಾರ್ ತೋರಿಸುವ ಡಯಲ್ ಗೇಜ್ ಸಾಕು; ಏರಿದ ಗರಿಷ್ಠ ಅಂಕಿಯಲ್ಲೇ ನಿಲ್ಲುವ ಎರಡನೇ ಮುಳ್ಳಿರುವುದಾದರೆ ಇನ್ನೂ ಒಳ್ಳೆಯದು. ನೀರಿನ ಮೀಟರಿಗೆ ಹತ್ತಿರದ, ಥ್ರೆಡ್ ಇರುವ ನಲ್ಲಿಗೆ ಅದನ್ನು ತಿರುಗಿಸಿ, ಮನೆಯ ಉಳಿದೆಲ್ಲ ನಲ್ಲಿಗಳನ್ನು ಮುಚ್ಚಿ, ಫ್ಲಶ್ ಟ್ಯಾಂಕ್ ತುಂಬಿದ ಮೇಲೆ ಈ ನಲ್ಲಿಯನ್ನು ಪೂರ್ತಿ ತೆರೆಯಿರಿ. ಹಗಲಿನ ಅಂಕಿ ನಂಬಬೇಡಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇನ್ ವಾಲ್ವ್ ಮುಚ್ಚಿ ಕಾಲು ಗಂಟೆ ನೋಡಿ: ಮುಳ್ಳು ಇಳಿಯುತ್ತಾ ಹೋದರೆ ಮನೆಯೊಳಗೆ ಎಲ್ಲೋ ಸೋರಿಕೆ ಇದೆ, ಅಥವಾ ಮೇನ್ ವಾಲ್ವೇ ಸರಿಯಾಗಿ ಹಿಡಿಯುತ್ತಿಲ್ಲ.

ಇನ್ನೊಂದು ಪೆಟ್ಟು ಗೇಜಿನ ಮುಳ್ಳಿಗೂ ಸರಿಯಾಗಿ ಸಿಗದಷ್ಟು ಚುಟುಕು. ವಾಷಿಂಗ್ ಮಷಿನ್ ನೀರು ನಿಲ್ಲಿಸಿದಾಗ ಗೋಡೆಯೊಳಗಿಂದ ‘ಢಣ್’ ಎಂದು ಕೇಳಿಸುವುದು ಅದೇ. ವೇಗವಾಗಿ ಬರುತ್ತಿದ್ದ ನೀರನ್ನು ಥಟ್ಟನೆ ತಡೆದರೆ ಒತ್ತಡದ ಅಲೆಯೊಂದು ಪೈಪಿನಲ್ಲಿ ಹಿಂದಕ್ಕೆ ಓಡುತ್ತದೆ. ರಷ್ಯಾದ ನಿಕೊಲಾಯ್ ಝುಕೋವ್‌ಸ್ಕಿ ಮಾಸ್ಕೋದ ನೀರಿನ ಕೊಳವೆಗಳಲ್ಲಿ ಪ್ರಯೋಗ ನಡೆಸಿ 1898ರಲ್ಲಿ ಇದರ ಲೆಕ್ಕ ಕೊಟ್ಟರು: ನೀರಿನ ಸಾಂದ್ರತೆ, ಅಲೆಯ ವೇಗ, ನೀರು ಕಳೆದುಕೊಂಡ ವೇಗ ಈ ಮೂರರ ಗುಣಲಬ್ಧವೇ ಏರುವ ಒತ್ತಡ. ತಾಮ್ರದ ಪೈಪಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 1,200 ಮೀಟರ್ ಓಡುವುದರಿಂದ, ಸೆಕೆಂಡಿಗೆ 1 ಮೀಟರ್ ಹರಿಯುತ್ತಿದ್ದ ನೀರು ನಿಂತರೂ 12 ಬಾರ್ ಏರುತ್ತದೆ. ಪಿವಿಸಿ ಹಿಗ್ಗುವುದರಿಂದ ಅಲ್ಲಿ ಅಲೆ ನಿಧಾನ, ಏರಿಕೆ 4–5 ಬಾರ್. ಅಲೆ ಪೈಪಿನ ಇನ್ನೊಂದು ತುದಿ ಮುಟ್ಟಿ ಮರಳುವಷ್ಟರಲ್ಲೇ ವಾಲ್ವ್ ಮುಚ್ಚಿಬಿಟ್ಟರೆ ಪೂರ್ತಿ ಪೆಟ್ಟು ಬೀಳುತ್ತದೆ; 12 ಮೀಟರ್ ತಾಮ್ರದ ಪೈಪಿಗೆ ಆ ಅವಧಿ 0.02 ಸೆಕೆಂಡ್. ಕೈಯಿಂದ ನಿಧಾನವಾಗಿ ತಿರುಗಿಸುವ ಹಳೆಯ ನಲ್ಲಿಗಳು ಈ ವಿಷಯದಲ್ಲಿ ಎಷ್ಟೋ ವಾಸಿ.

ನಲ್ಲಿಯಿಂದ ಬರುವ ನೀರಿನ ವೇಗ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. 6 ಬಾರನ್ನು 3ಕ್ಕೆ ಇಳಿಸಿದರೆ ಒತ್ತಡ ಅರ್ಧವಾಗುತ್ತದೆ, ಹರಿವು ಮಾತ್ರ ಸುಮಾರು 30 ಶೇಕಡಾ ಕಡಿಮೆಯಾಗುತ್ತದೆ. ಪೆಟ್ಟೂ ಅಷ್ಟೇ ತಗ್ಗುತ್ತದೆ. ಉಳಿದದ್ದಕ್ಕೆ, ಪೆಟ್ಟನ್ನು ಹೀರಿಕೊಳ್ಳುವ, ಮುಚ್ಚಿದ ಪಿಸ್ಟನ್ ಇರುವ ಹ್ಯಾಮರ್ ಅರೆಸ್ಟರನ್ನು ಮಷಿನ್ ವಾಲ್ವಿಗೆ ಆದಷ್ಟು ಹತ್ತಿರ ಹಾಕಿ. ಪೈಪಿನ ತುಂಡನ್ನು ಮೇಲಕ್ಕೆ ನಿಲ್ಲಿಸಿ ಗಾಳಿ ಹಿಡಿಸುವ ಹಳೆಯ ಉಪಾಯ ಬಾಳಿಕೆ ಬರುವುದಿಲ್ಲ, ಗಾಳಿ ನೀರಿನಲ್ಲಿ ಕರಗಿಹೋಗುತ್ತದೆ.

ಒತ್ತಡ ಇಳಿಸುವ ವಾಲ್ವನ್ನು ಮೇನ್ ವಾಲ್ವ್ ನಂತರ ಈ ಕ್ರಮದಲ್ಲಿ ಕೂರಿಸಬೇಕು: ಬಾಲ್ ವಾಲ್ವ್, ಜಾಲರಿ ಫಿಲ್ಟರ್, ಒತ್ತಡ ಇಳಿಸುವ ವಾಲ್ವ್, ಗೇಜ್, ಮತ್ತೊಂದು ಬಾಲ್ ವಾಲ್ವ್. ಮೈಮೇಲಿನ ಬಾಣ ನೀರು ಹರಿಯುವ ದಿಕ್ಕಿಗಿರಲಿ. ಕೂರಿಸುವ ಮೊದಲು ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ಮರಳು, ಟೇಪಿನ ಚೂರು ತೊಳೆಯಿರಿ. ಲಾಕ್‌ನಟ್ ಸಡಿಲಿಸಿ ಸ್ಕ್ರೂವನ್ನು ಒಳಕ್ಕೆ ಬಿಗಿದರೆ ಒತ್ತಡ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಇಳಿಸಿದಾಗಲೆಲ್ಲ ಒಂದು ನಲ್ಲಿ ತೆರೆದು ಮುಚ್ಚಿ. ಪೈಪಿನಲ್ಲಿ ಸಿಕ್ಕಿಕೊಂಡ ನೀರು ಹೊರಗೆ ಹೋಗದೆ ಗೇಜ್ ಕೆಳಗಿಳಿಯುವುದಿಲ್ಲ. ಎಷ್ಟೋ ಮಂದಿ ಇದು ಗೊತ್ತಿಲ್ಲದೆ ಸ್ಕ್ರೂವನ್ನು ತೀರಾ ಬಿಚ್ಚಿಬಿಡುತ್ತಾರೆ.

ಹೀಗೆ ಹೊಂದಿಸಿದ ಮೇಲೂ ನೀರು ಬಳಸದಿರುವಾಗ ಗೇಜ್ ಮೆಲ್ಲಗೆ ಏರಿದರೆ ಎರಡು ಕಾರಣಗಳಿರಬಹುದು. ಗೀಸರ್ ಆರಿಸಿ ತಣ್ಣಗಾದ ಮೇಲೆ ಮತ್ತೆ ನೋಡಿ. ಆಗಲೂ ಏರಿದರೆ ವಾಲ್ವಿನ ಸೀಟಿನಲ್ಲಿ, ಅಂದರೆ ಅದು ಮುಚ್ಚಿಕೊಳ್ಳುವ ಜಾಗದಲ್ಲಿ, ಕಸ ಕೂತಿದೆ ಅಥವಾ ಸೀಟು ಸವೆದಿದೆ. ಬಿಚ್ಚಿ ತೊಳೆಯಬೇಕು, ಇಲ್ಲವೇ ಒಳಗಿನ ಕಾರ್ಟ್ರಿಜ್ ಬದಲಿಸಬೇಕು. ಗೀಸರ್ ಉರಿಯುವಾಗ ಮಾತ್ರ ಏರಿದರೆ ಅದು ಬಿಸಿನೀರಿನ ಹಿಗ್ಗುವಿಕೆ. 100 ಲೀಟರ್ ನೀರು 15ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಸುಮಾರು 1.6 ಲೀಟರ್ ಹಿಗ್ಗುತ್ತದೆ. ಮೊದಲು ಅದು ಬೀದಿಯ ಕೊಳವೆಗೆ ಹಿಂದೆ ಸರಿಯುತ್ತಿತ್ತು. ಈಗ ಹೊಸ ವಾಲ್ವ್ ಆ ದಾರಿಯನ್ನು ಮುಚ್ಚಿರಬಹುದು. ಗೀಸರಿನ ಸುರಕ್ಷತಾ ವಾಲ್ವ್ ತೊಟ್ಟಿಕ್ಕುವುದು ಇದರಿಂದಲೇ ಇರಬಹುದು. ಅದನ್ನು ಎಂದೂ ಬಿರಡೆ ಹಾಕಿ ಮುಚ್ಚಬಾರದು, ಗೀಸರ್ ಸಿಡಿದೀತು. ಗೀಸರಿನ ತಣ್ಣೀರಿನ ಪೈಪಿಗೆ, ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕ್ ಜೋಡಿಸಿ. ಜೋಡಿಸುವ ಮೊದಲೇ ಸೈಕಲ್ ಪಂಪಿನಿಂದ, ನೀವು ಹೊಂದಿಸಿದ ಒತ್ತಡದಷ್ಟೇ ಗಾಳಿ ತುಂಬಿ. ಮುಂದೆ ಯಾವಾಗಲಾದರೂ ಅದರ ಗಾಳಿಯ ಮೂತಿ ಒತ್ತಿದಾಗ ನೀರು ಚಿಮ್ಮಿದರೆ ಒಳಗಿನ ರಬ್ಬರ್ ಪೊರೆ ಹರಿದಿದೆ, ಟ್ಯಾಂಕ್ ಬದಲಿಸಬೇಕು.